ಆಕೆಯ ವಿದ್ಯಾರ್ಥಿಗಳ ದಿನಚರಿ ನಿಮಗೇಕೆ ಬೇಕು?

ಮಾನ್ಯ ಕುಲಸಚಿವರೇ,

ತೀರಿಹೋದ ನನ್ನ ಹೆಂಡತಿಯ ಸ್ಮರಣೆಗೆ ಗ್ರಂಥಾಲಯದಲ್ಲಿ ಒಂದು ಮೂಲೆ ಮಾಡುತ್ತೇವೆ, ಅದಕ್ಕಾಗಿ ಅವರ ವಿದ್ಯಾರ್ಥಿಗಳ ದಿನಚರಿಗಳನ್ನು ಒಪ್ಪಿಸಿ ಎಂದು ತಾವು ಬರೆದಿದ್ದೀರಿ. ಒಪ್ಪಿಸುವುದಿಲ್ಲ. ಪತ್ರವನ್ನು 'ಐ ಬೆಗ್ ಟು ಸ್ಟೇಟ್' ಎಂದು ಶುರುಮಾಡಬೇಕೆಂದು ಕಾಲೇಜಿನಲ್ಲಿ ಕಲಿಸಿದ್ದರು. ಬೇಡುವಂಥದ್ದೇನೂ ಇಲ್ಲ, ಹೇಳುವುದಷ್ಟೇ ಇದೆ. ಖಾಸಗಿಯಾಗಿ ಹೇಳಿದರೆ ಕಡತದೊಳಗೆ ನಿದ್ದೆ ಹೋಗುತ್ತದೆಂದು ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಹೇಳುತ್ತಿದ್ದೇನೆ.

ನನ್ನಾಕೆ ನಿಮ್ಮ ಸಮಾಜಕಾರ್ಯ ವಿಭಾಗದಲ್ಲಿ ಮೂವತ್ತೊಂದು ವರ್ಷ ವ್ಯಸನ ಮತ್ತು ಮಾನಸಿಕ ಆರೋಗ್ಯದ ಪಾಠ ಮಾಡಿದಳು. ಮೊದಲ ವರ್ಷ ಆ ಪಾಠಕ್ಕೆ ಸಿಕ್ಕಿದ್ದು ಮುರುಕು ಬೆಂಚುಗಳ ಉಗ್ರಾಣ. "ಏನ್ ಮೇಡಂ, ಕುಡುಕರ ಕ್ಲಾಸಿಗೆ ಹೊರಟ್ರಾ?" ಅನ್ನುತ್ತಿದ್ದರಂತೆ ಸಹೋದ್ಯೋಗಿಗಳು. "ಹೂಂ, ನೀವೂ ಬನ್ನಿ, ಜಾಗ ಇದೆ" ಅನ್ನುತ್ತಿದ್ದಳು. ಆಕೆಯ ಕ್ರಮವೇ ಬೇರೆ. ಪ್ರತಿ ವಿದ್ಯಾರ್ಥಿ ತನಗೆ ಪ್ರಿಯವಾದ ಒಂದನ್ನು, ಚಹಾವೋ ಸಿಗರೇಟೋ ಫೋನೋ, ನಲವತ್ತು ದಿನ ಬಿಡಬೇಕು. ದಿನವೂ ಬರೆಯಬೇಕು, ತಪ್ಪಿದ ದಿನ ಹೆಚ್ಚು ಬರೆಯಬೇಕು. ಅಂಕವಿಲ್ಲ. ತನ್ನ ಹೊರತು ಮತ್ತೊಬ್ಬರು ಓದುವುದಿಲ್ಲ ಎಂದು ಆಕೆ ಕೊಟ್ಟ ಮಾತು.

ನಾನೂ ಒಮ್ಮೆ ಸಕ್ಕರೆ ಬಿಟ್ಟೆ. ನಲವತ್ತು ದಿನವೂ 'ತಪ್ಪಿದ್ದು: ನಿಲ್' ಎಂದು ಬರೆದೆ. ಓದಿ ಪುಸ್ತಕ ಮುಚ್ಚಿದಳು.

"ಏನ್ರೀ, ಒಂದು ದಿನಾನೂ ತಪ್ಪಲಿಲ್ವಾ?"

"ಇಲ್ಲ ಕಣೇ."

"ಹಾಗಾದ್ರೆ ಡಬ್ಬದ ಸಕ್ಕರೆ ಇರುವೆ ತಿಂತಾ? ನನ್ನ ಮಕ್ಕಳು ನಿಮಗಿಂತ ವಾಸಿ, ನಿಜ ಬರೀತಾರೆ."

ಬರೆಯುತ್ತಿದ್ದರು. ಚಹಾದಿಂದ ಶುರುವಾದದ್ದು ನಿದ್ದೆ ಮಾತ್ರೆಗೆ, ಅಪ್ಪನ ಬಾಟಲಿಗೆ, ಸಾಯಬೇಕೆನ್ನಿಸಿದ ಮಧ್ಯಾಹ್ನಕ್ಕೆ ಬಂದು ನಿಲ್ಲುತ್ತಿತ್ತು ಎಂದು ಆಕೆ ಹೇಳಿದ್ದುಂಟು. ಯಾರದೆಂದು ಗಂಡನಿಗೂ ಹೇಳಲಿಲ್ಲ.

ಈಗ ನನ್ನ ತಪ್ಪು. ನಿಮ್ಮ ಮೊದಲ ಪತ್ರದ ಹಿಂದೆಯೇ ನಿಮ್ಮ ಗುಮಾಸ್ತರು ಫೋನು ಮಾಡಿ ಆಕೆಯನ್ನು ಹೊಗಳಿದರು. ಆ ಹೊಗಳಿಕೆ ಕೇಳಿ ವರ್ಷವಾಗಿತ್ತು, ಉಬ್ಬಿಹೋದೆ. "ಎರಡು ಟ್ರಂಕು ತುಂಬ ಇವೆ ಸ್ವಾಮಿ, ಒಂದೊಂದರ ಮೇಲೂ ಹೆಸರು, ರೋಲ್ ನಂಬರು!" ಎಂದುಬಿಟ್ಟೆ. ಸೈಲೆನ್ಸ್ ಈಸ್ ಗೋಲ್ಡೋ ಸಿಲ್ವರೋ ಎಂದು ಬಾಯಿಪಾಠ ಮಾಡಿಸಿದ್ದರು, ಉಪಯೋಗಕ್ಕೆ ಬರಲಿಲ್ಲ. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ವಾರದಲ್ಲೇ ಎರಡನೇ ಪತ್ರ: ಹೆಸರುಗಳ ವರ್ಷವಾರು ಪಟ್ಟಿ ಕೂಡಲೇ ಕಳಿಸಿ.

ಸ್ಮರಣೆ ಆಕೆಯದು, ಪಟ್ಟಿ ಮಕ್ಕಳದೇ? ಆ ಪತ್ರದ ತಾರೀಖು ನೋಡಿ: ಆಕೆಯ ಖಾಲಿ ಹುದ್ದೆಗೆ ಅರ್ಜಿ ಹಾಕುವ ಕೊನೆಯ ದಿನದ ಮರುದಿನ. ಅರ್ಜಿ ಹಾಕಿದವರಲ್ಲಿ ಬಹುಪಾಲು ಆಕೆಯ ಶಿಷ್ಯರೇ ಎಂದು ಕೇಳಿದ್ದೇನೆ. ಇಪ್ಪತ್ತರ ವಯಸ್ಸಿನಲ್ಲಿ ಅತ್ತದ್ದು ಈಗ ಸಂದರ್ಶನದ ಮೇಜಿನ ಮೇಲೆ ತೆರೆದಿರಲಿ ಎಂದೇ? ಕಾಕತಾಳೀಯ ಎನ್ನುವಿರಿ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗುವುದುಂಟು. ಈ ಕಾಗೆ ಗರಗಸ ಹಿಡಿದೇ ಬಂದಿದೆ.

ಸುದ್ದಿ ಹರಡಿ ಆಕೆಯ ಹಳೆಯ ವಿದ್ಯಾರ್ಥಿಗಳು ಒಂಬತ್ತು ಜನ ಮನೆಗೆ ಬಂದರು. ಒಬ್ಬರೇ ಬಂದಿದ್ದರೆ ಗುರುತು ಸಿಕ್ಕೀತೆಂದು ಇದನ್ನು ಬರೆಯುತ್ತಿರಲಿಲ್ಲ. ಯಾರೆಂದು ಹುಡುಕುವ ಶ್ರಮ ಬೇಡ. ಒಬ್ಬಾಕೆ ಒಳಗೂ ಬಾರದೆ ಬಾಗಿಲಲ್ಲೇ ನಿಂತಳು. "ಅಂಕಲ್, ನನ್ನದು ಇನ್ನೂ ಇದೆಯಾ? ನೀವು... ಓದಿದ್ರಾ?"

"ನಿಮ್ಮ ಮೇಡಂ ಇದ್ದಾಗಲೇ ಮುಟ್ಟೋ ಧೈರ್ಯ ಇರಲಿಲ್ಲಮ್ಮ. ಈಗಂತೂ ಇನ್ನೂ ಇಲ್ಲ."

ನಕ್ಕಳು. ನಾನು ತಂದುಕೊಟ್ಟ ತನ್ನ ಪುಸ್ತಕ ಎದೆಗವಚಿಕೊಂಡು ಅಂದಳು: "ಅರ್ಜಿ ವಾಪಸ್ ತಗೊಂಡುಬಿಡೋಣ ಅಂತಿದ್ದೆ."

ಆದ್ದರಿಂದ ಸಂದರ್ಶನಕ್ಕೆ ಮೊದಲೇ ಎರಡೂ ಪತ್ರಗಳನ್ನು ಲಿಖಿತವಾಗಿ ಹಿಂಪಡೆಯಿರಿ. ದಿನಚರಿಗಳನ್ನು ಬರೆದವರ ಕೈಗೇ ಕೊಡುತ್ತೇನೆ, ಬಾರದವರದನ್ನು ಸುಡುತ್ತೇನೆ. ನಿಮಗೆ ಸ್ಮಾರಕವೇ ಬೇಕಿದ್ದರೆ, ಪ್ರತಿ ವರ್ಷ ಮಕ್ಕಳೊಂದಿಗೆ ಆಕೆಯೂ ಏನಾದರೊಂದು ಬಿಟ್ಟು ಬರೆದ ಮೂವತ್ತೊಂದು ಪುಸ್ತಕಗಳಿವೆ. "ನನ್ನದನ್ನ ಯಾರು ಬೇಕಾದ್ರೂ ಓದಲಿ" ಎಂದಿದ್ದಳು. ನನ್ನ ಬಗ್ಗೆ ಏನೇನಿದೆಯೋ, ಇರಲಿ, ಕೊಡುತ್ತೇನೆ. ಫೋನಿನಲ್ಲಿ ಅದನ್ನೂ ಹೇಳಿದ್ದೆ. ನಿಮ್ಮ ಎರಡನೇ ಪತ್ರದಲ್ಲಿ ಅವುಗಳ ಸುದ್ದಿಯೇ ಇಲ್ಲವಲ್ಲ, ಯಾಕೆ?

ಇಂತಿ,
ನಿಮ್ಮ ಕಡತದಲ್ಲಿ 'ಮೃತರ ವಾರಸುದಾರ' ಎಂದು ನಮೂದಾಗಿರುವ
ಆಕೆಯ ಗಂಡ