ಹತ್ತಕ್ಕೆ ಆರು ಅಂಕದ ಚಹಾ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆಯ ನಮಸ್ಕಾರ.

ನಿಮ್ಮ ಮಂಡಿನೋವು ಹೇಗಿದೆ? ಮಗಳ ಮನೆಯ ಮೆಟ್ಟಿಲು ಹತ್ತಿ ಇಳಿದು ಹೆಚ್ಚಾಗಿಯೇ ಇರುತ್ತದೆ. ಇಲ್ಲ ಎಂದು ನೀವು ಬರೆದರೂ ನಾನು ನಂಬುವವಳಲ್ಲ. ಪಾಪು ಆಗಲೇ ಕೂರುತ್ತದೆಯಂತೆ, ಕೇಳಿ ಜೀವಕ್ಕೆ ಹಿತವಾಯಿತು. ಆದರೆ ಅತ್ತೆ, ಮಗಳ ಹೆರಿಗೆಗೆಂದು ಹೋದವರು ನೀವು. ಮಗು ಹುಟ್ಟಿತು, ಮಗುಚಿಕೊಂಡಿತು, ಕೂತಿತು. ಇನ್ನು ಅದನ್ನು ಶಾಲೆಗೆ ಸೇರಿಸಿಯೇ ಬರುತ್ತೀರೋ ಏನೋ! ಇದನ್ನು ಫೋನಿನಲ್ಲಿ ಕೇಳೋಣವೆಂದರೆ ಮಾವ ಪಕ್ಕದಲ್ಲೇ ಪೇಪರು ಹಿಡಿದು ಕೂತಿರುತ್ತಾರೆ. ಒಂದು ಹಾಳೆಯನ್ನೂ ಮಗುಚುವುದಿಲ್ಲ, ಕಿವಿಯೆಲ್ಲ ಇತ್ತ ಕಡೆಗೇ. ಅದಕ್ಕೇ ಈ ಕಾಗದ.

ನೀವು ಯಾಕೆ ಹೋದಿರಿ ಎಂಬುದು ನನಗೇನು ಗೊತ್ತಿಲ್ಲವೇ? ಮೇಷ್ಟರ ಕೆಲಸದಿಂದ ರಿಟೈರಾದ ಮಾರನೇ ದಿನದಿಂದ ಮಾವ ಮನೆಯನ್ನೇ ಶಾಲೆ ಮಾಡಿಬಿಟ್ಟರು. ಅಡುಗೆಮನೆಯ ಡಬ್ಬಿಗಳು ಅಕ್ಷರಮಾಲೆಯ ಪ್ರಕಾರ ಸಾಲು ನಿಂತವು. ಸಕ್ಕರೆ ಮೇಲಿನ ಅಟ್ಟ ಸೇರಿತು, ನಿಮಗೆ ಕೈ ಎಟುಕುತ್ತಿರಲಿಲ್ಲ. ಅದನ್ನೆಲ್ಲ ನೀವು ನುಂಗಿಕೊಂಡಿರಿ. ಆದರೆ ಆ ದಿನ ಬಂದವರ ಎದುರಿಗೇ, ನೀವು ಮಾಡಿದ ಚಹಾ ಗುಟುಕರಿಸಿ, ಹತ್ತಕ್ಕೆ ಆರು ಅಂದರಲ್ಲ, ಅದು ಅತಿಯಾಯಿತು. ನೀವು ಲೋಟ ಕೆಳಗಿಟ್ಟು ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: ‘ಇಷ್ಟು ವರ್ಷ ಆದ್ರೂ ನಿಮ್ಮ ಹತ್ರ ನಾನು ಪಾಸಾಗ್ಲಿಲ್ಲ. ಇನ್ನು ಬೇರೆ ಶಾಲೆ ನೋಡ್ಕೋತೀನಿ.’ ನನಗೆ ಒಳಗೊಳಗೇ ಚಪ್ಪಾಳೆ ತಟ್ಟುವಷ್ಟು ಖುಷಿಯಾಗಿತ್ತು. ನಿಮ್ಮ ಮಗ ಮಾತ್ರ, ಅವರಿಬ್ಬರ ನಡುವೆ ನೀನು ತಲೆ ಹಾಕಬೇಡ ಅನ್ನುತ್ತಾರೆ. ತಲೆ ಹಾಕದೆ ಇರುವುದು ನನ್ನ ಜಾಯಮಾನವಲ್ಲ, ನಿಮಗೇ ಗೊತ್ತು.

ಈಗಿನ ಮಧ್ಯಾಹ್ನಗಳನ್ನು ನೀವು ನೋಡಬೇಕು. ನಾನು ಕಿಟಕಿಯ ಬಳಿ ಹೊಲಿಗೆ ಮಿಷನ್ ತುಳಿಯುತ್ತಿರುತ್ತೇನೆ, ಮಾವ ಎದುರಿನ ಬೆತ್ತದ ಕುರ್ಚಿಯಲ್ಲಿ. ಬಿಸಿಲು ಪರದೆಯಿಂದ ಸೋಸಿ ನೆಲದ ಮೇಲೆ ಇಳಿಯುತ್ತದೆ, ಬಟ್ಟೆಯ ನವಿರು ಧೂಳು ಅದರೊಳಗೆ ತೇಲುತ್ತಿರುತ್ತದೆ. ಎರಡು ಬೀದಿಯಾಚೆಯಿಂದ ಶಾಲೆಯ ಗಂಟೆ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ ಬರುತ್ತದೆ. ಮಾವನ ರೆಪ್ಪೆ ಅರ್ಧ ಮುಚ್ಚಿರುತ್ತದೆ, ಬೆರಳು ಮಾತ್ರ ಇಲ್ಲದ ಸೀಮೆಸುಣ್ಣವನ್ನು ಉರುಳಿಸುತ್ತಲೇ ಇರುತ್ತದೆ. ಆಗ ನನಗೂ ಜೊಂಪು ಹತ್ತುತ್ತದೆ. ಹೊಲಿಗೆ ಎಲ್ಲೆಲ್ಲೋ ಹೋಗಿ, ಮೊನ್ನೆ ಯಾರದೋ ರವಿಕೆಗೆ ತೋಳನ್ನು ತಿರುಗುಮುರುಗಾಗಿ ಕೂರಿಸಿದ್ದೆ.

ಹೋದ ವಾರ ಹಳೆಯ ವಿದ್ಯಾರ್ಥಿಗಳು ಇಬ್ಬರು ಬಂದಿದ್ದರು, ಒಬ್ಬಾಕೆ ಡಾಕ್ಟರು, ಇನ್ನೊಬ್ಬ ಬಸ್ಸಿನ ಡ್ರೈವರು. ಶಾಲೆಯಲ್ಲಿ ಮಾವನಿಗೆ ದೊಡ್ಡದೊಂದು ಸನ್ಮಾನ ಮಾಡಬೇಕಂತೆ. ಅವರು ಹೇಳಿದ ಕಥೆಗಳನ್ನು ನೀವು ಕೇಳಬೇಕಿತ್ತು. ಮಾವ ಕೆಲಸಕ್ಕೆ ಸೇರಿದಾಗ ಶಾಲೆಯೆಂದರೆ ನಾಲ್ಕು ಗೋಡೆ, ಮೇಲೊಂದು ತಗಡಿನ ಮಾಡು, ಒಂದು ಹಲಗೆ. ಭೂಪಟ ಕೊಳ್ಳಲು ಕಾಸಿರಲಿಲ್ಲ. ಗೋಡೆಯಲ್ಲಿ ನೀರಿಳಿದು ಒಂದು ದೊಡ್ಡ ಕಲೆಯಾಗಿತ್ತಂತೆ. ಮಾವ ಅದನ್ನೇ ಒಂದು ದೇಶ ಮಾಡಿ, ನದಿ ಎಲ್ಲಿಂದ ಹರಿಯಬೇಕು, ಊರು ಎಲ್ಲಿ ಕಟ್ಟಬೇಕು ಎಂದು ಮಕ್ಕಳನ್ನೇ ಕೇಳಿದರಂತೆ. ಪ್ರತಿ ಮಳೆಗಾಲಕ್ಕೂ ದೇಶ ಬೆಳೆಯುತ್ತಿತ್ತು. ಮಾವ ಹೆಡ್ ಮಾಸ್ಟರಾಗಿ ಹೊಸ ಕಟ್ಟಡ ಎಬ್ಬಿಸಿದ ಮೇಲೂ ಆ ಒಂದು ಗೋಡೆಯನ್ನು ಕೆಡವಲು ಬಿಡಲಿಲ್ಲವಂತೆ. ಆ ದೇಶದಲ್ಲಿ ತಾನು ಕಟ್ಟಿದ ಬಂದರೊಂದು ಇದೆ ಅಂದ ಡ್ರೈವರು. ನಿದ್ದೆ ಬಾರದಿದ್ದರೆ ತಾನು ಈಗಲೂ ಅಲ್ಲಿನ ನದಿಯ ದಂಡೆ ಹಿಡಿದು ನಡೆಯುತ್ತೇನೆ ಅಂದಳು ಡಾಕ್ಟರು. ತಡವಾಗಿ ಬಂದವರಿಗೆ ಮಾವ ಹೊಡೆಯುತ್ತಿರಲಿಲ್ಲವಂತೆ. ತಮ್ಮ ಜೊತೆ ಗೇಟಿನಲ್ಲಿ ನಿಲ್ಲಿಸಿಕೊಂಡು, ಇನ್ನೂ ತಡವಾಗಿ ಬಂದವರನ್ನು ‘ಬನ್ನಿ, ಬನ್ನಿ’ ಎಂದು ಕರೆಸುತ್ತಿದ್ದರಂತೆ. ಇಷ್ಟು ಮೆತ್ತಗಿನ ಮನುಷ್ಯ ನಮ್ಮ ಮನೆಯ ಚಹಾಕ್ಕೆ ಮಾತ್ರ ಯಾಕೆ ಅಂಕ ಕತ್ತರಿಸಿದರೋ, ದೇವರೇ ಬಲ್ಲ.

ಇಷ್ಟೆಲ್ಲ ಹೊಗಳಿದರೂ ಮಾವ ಸನ್ಮಾನಕ್ಕೆ ಒಪ್ಪಲಿಲ್ಲ. ಈಗ ಅನುಕೂಲವಿಲ್ಲ ಅಂದರು. ಬಂದವರು ಬೇರೆ ದಿನ ಹೇಳಿದರು, ಮಾವ ಅದೂ ಆಗದು ಅಂದರು. ಹಾಗಾದರೆ ಯಾವಾಗ ಎಂದು ಡಾಕ್ಟರು ಕೇಳಿದ್ದಕ್ಕೆ ಒಮ್ಮೆ ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಬಂದವರು ಹೋದ ಮೇಲೆ ಮಾವ ಸ್ಟೂಲು ಹಾಕಿಕೊಂಡು ಅಟ್ಟದ ಸಕ್ಕರೆ ಡಬ್ಬಿಯನ್ನು ಕೆಳಗಿಳಿಸಿದರು. ನನಗೆ ಅಯ್ಯೋ ಅನ್ನಿಸಿಬಿಟ್ಟಿತು. ಅಷ್ಟು ಜನಕ್ಕೆ ಪಾಠ ಹೇಳಿದ ಮನುಷ್ಯನಿಗೆ, ‘ಬಾ’ ಅನ್ನುವ ಒಂದು ಮಾತು ನಾಲಿಗೆಯ ತುದಿಗೆ ಬರುತ್ತಿಲ್ಲ. ನೀವೂ ಕಡಿಮೆಯವರಲ್ಲ ಬಿಡಿ, ಅವರೇ ಕರೆಯಲಿ ಎಂದು ಕೂತಿದ್ದೀರಿ. ಹೀಗೇ ಇಬ್ಬರೂ ಬಿಗಿದುಕೊಂಡು ಕೂತರೆ ಈ ಮನೆ ಇನ್ನು ಮನೆಯಾಗಿ ಉಳಿಯುವುದಿಲ್ಲ ಎಂದು ನನಗೆ ನಿಜಕ್ಕೂ ಭಯವಾಗುತ್ತಿದೆ.

ನಾದಿನಿಗೆ ಹೊತ್ತು ಹೊತ್ತಿಗೆ ಊಟ ಮಾಡಲು ಹೇಳಿ. ಪಾಪುವಿನ ಎರಡೂ ಕೆನ್ನೆಗೆ ನನ್ನ ಮುತ್ತು. ನಿಮ್ಮ ಮಗ ನಿಮ್ಮನ್ನು ತುಂಬ ಕೇಳಿದರು. ಹಿರಿಯರು ನೀವು, ಬೈಯುವುದಿದ್ದರೆ ಬೈದು, ಆಮೇಲೆ ಆಶೀರ್ವಾದ ಮಾಡಿ.

ಇಂತಿ ನಿಮ್ಮ
ಬಾಯಿಬಡುಕಿ ಸೊಸೆ

ತಾ.ಕ.: ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಹೇಳಬೇಕಾದ್ದನ್ನೇ ಹೇಳದೆ ಇಷ್ಟುದ್ದ ಸುತ್ತಿ ಬಳಸಿದೆ. ಮಧ್ಯಾಹ್ನ ಕಣ್ಣು ಹತ್ತಿದಾಗ ಮಾವ ಹಾಜರಿ ಕರೆಯುತ್ತಾರೆ. ಯಾವ ಯಾವ ಕಾಲದ ಮಕ್ಕಳೋ, ಒಂದೊಂದೇ ಹೆಸರು. ಪ್ರತಿ ಹೆಸರಿಗೂ ಒಂಚೂರು ತಡೆದು, ಯಾರೋ ಓಗೊಟ್ಟಂತೆ ತಲೆಯಾಡಿಸಿ ಮುಂದಕ್ಕೆ ಹೋಗುತ್ತಾರೆ. ಈಚೆಗೆ ಅವುಗಳ ನಡುವೆ ನಿಮ್ಮ ಹೆಸರು ಬರುತ್ತಿದೆ. ಯಾವಾಗಲೂ ಕರೆಯುವ ‘ಇವಳೇ’ ಅಲ್ಲ ಅತ್ತೆ, ನಿಮ್ಮ ಹೆಸರೇ, ನಾನು ಈ ಮನೆಗೆ ಬಂದಾಗಿನಿಂದ ಅವರ ಬಾಯಲ್ಲಿ ಒಮ್ಮೆಯೂ ಕೇಳದ್ದು. ಅಲ್ಲಿಗೆ ಬಂದು ನಿಂತುಬಿಡುತ್ತಾರೆ. ಮತ್ತೊಮ್ಮೆ ಕರೆಯುತ್ತಾರೆ, ಇನ್ನೂ ಮೆತ್ತಗೆ. ಮುಂದಿನ ಹೆಸರಿಗೆ ಹೋಗುವುದೇ ಇಲ್ಲ. ಇವತ್ತು ನನಗೆ ತಡೆಯಲಾಗದೆ, ಹತ್ತಿರ ಹೋಗಿ, ಆದಷ್ಟೂ ನಿಮ್ಮ ದನಿ ಮಾಡಿಕೊಂಡು ‘ಇದೀನಿ’ ಅಂದೆ. ಮಾವ ಕಣ್ಣು ತೆರೆಯಲಿಲ್ಲ. ನಿದ್ದೆಯಲ್ಲೇ ಅಂದರು: ‘ಒಬ್ಬರ ಹಾಜರಿ ಇನ್ನೊಬ್ಬರು ಹೇಳಬಾರದು. ಅವಳೇ ಬರ್ಲಿ. ಕಾಯ್ತೀನಿ.’