ರೋಗಿಗೆ ಹೇಳಬಾರದ ಅಂಕಿ

ನರ್ಸಿಂಗ್ ಹಾಸ್ಟೆಲ್,
ಹದಿನಾಲ್ಕನೇ ತಾರೀಕು, ಭಾನುವಾರ ಸಂಜೆ

ಪ್ರೀತಿಯ ಚಿಕ್ಕಮ್ಮಾ,

ರೋಗಿಗೆ ಅವನದೇ ರಕ್ತದೊತ್ತಡ ಎಷ್ಟಿದೆ ಎಂದು ಹೇಳುವುದು ನಮ್ಮ ನರ್ಸಿಂಗ್ ಶಾಲೆಯಲ್ಲಿ ತಪ್ಪು. ಇದು ಅನ್ಯಾಯ. ಮೊದಲು ಕ್ಷೇಮ ವಿಚಾರಿಸಬೇಕಿತ್ತು, ಗೊತ್ತು, ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಈಗ ಕೇಳುತ್ತೇನೆ: ಮೊಣಕಾಲು ಹೇಗಿದೆ? ಊರವರ ಕಾಲಿಗೆಲ್ಲ ಪಟ್ಟಿ ಸುತ್ತುವವಳು ನಿನ್ನ ಕಾಲಿಗೂ ಒಂದು ಸುತ್ತಿಕೊಂಡೆಯಾ, ಇಲ್ಲ ವಾರ್ಡಿನಲ್ಲಿ ಕುಂಟುತ್ತಲೇ ಓಡಾಡುತ್ತಿದ್ದೀಯಾ?

ಆದದ್ದು ಇಷ್ಟು. ಗಂಡಸರ ವಾರ್ಡಿನಲ್ಲಿ ಒಬ್ಬರು ಟೈಲರ್ ಇದ್ದಾರೆ, ಅಂಗಡಿಯಲ್ಲೇ ತಲೆಸುತ್ತಿ ಬಿದ್ದು ಬಂದವರು. ಮಾತ್ರೆ ಕೊಟ್ಟರೆ ಮೆಲ್ಲಗೆ ದಿಂಬಿನಡಿ ಸೇರಿಸುವುದು ಅವರ ಅಭ್ಯಾಸ. ಮೊನ್ನೆ ನಾನು ರಕ್ತದೊತ್ತಡ ನೋಡಿ ತೋಳಿನ ಪಟ್ಟಿ ಬಿಚ್ಚುವಾಗ ಎಷ್ಟಿದೆ ಎಂದು ಕೇಳಿದರು. ಡಾಕ್ಟರನ್ನು ಕೇಳಿ ಎಂದೆ, ನಮಗೆ ಕಲಿಸಿದ ಹಾಗೆ. "ಅಲ್ಲಮ್ಮ, ನಾನು ಗಿರಾಕಿಯ ಅಳತೆ ತಗೊಂಡ್ರೆ ಅವನಿಗೆ ಕೂಗಿ ಹೇಳ್ತೀನಿ. ನೀನು ನನ್ನ ಅಳತೆ ತಗೊಂಡು ನನಗೇ ಮುಚ್ಚಿಡ್ತೀಯಲ್ಲ, ಈ ಮೈಗೆ ಬೇರೆ ಯಜಮಾನ ಇದ್ದಾನಾ?" ಎಂದರು. ನಾಚಿಕೆಯಾಯಿತು. ಅಂಕಿ ಹೇಳಿದೆ, ಅದರ ಅರ್ಥ ಹೇಳಿದೆ, ಮಾತ್ರೆ ಬಿಟ್ಟರೆ ಏನಾಗುತ್ತದೆ ಎಂದೂ ಹೇಳಿದೆ. ಆ ಹೊತ್ತಿನ ಮಾತ್ರೆಯನ್ನು ನನ್ನೆದುರೇ ನುಂಗಿದರು. ಮರುದಿನ ರೌಂಡ್ಸಿಗೆ ಬಂದ ಡಾಕ್ಟರಿಗೆ ಅದೇ ಅಂಕಿಯನ್ನು ಹೆಮ್ಮೆಯಿಂದ ಒಪ್ಪಿಸಿಯೂಬಿಟ್ಟರು. ಅಲ್ಲಿಗೆ ನಾನು ಸಿಕ್ಕಿಬಿದ್ದೆ.

ಪ್ರಿನ್ಸಿಪಾಲ್ ಮೇಡಂ ನನ್ನನ್ನು ವಾರ್ಡಿನಿಂದ ತೆಗೆದು ಬಟ್ಟೆ ಕೋಣೆಗೆ ಹಾಕಿದ್ದಾರೆ. ಬೆಳಗಿನಿಂದ ಹೊದಿಕೆ ಮಡಿಸುತ್ತಿದ್ದೇನೆ. "ಬರೆದಿಡೋದು ನಿನ್ನ ಕೆಲಸ, ಹೇಳೋದು ಡಾಕ್ಟರ ಕೆಲಸ" ಎಂದರು. ಹಾಗಾದರೆ ಹೃದಯ, ರಕ್ತನಾಳ ಎಂದು ವರ್ಷವಿಡೀ ನಮಗೇಕೆ ಕಲಿಸಿದರು? ದಿನವಿಡೀ ರೋಗಿಯ ಹತ್ತಿರ ಇರುವವಳು ನರ್ಸ್. ತಿಳಿದದ್ದನ್ನು ಅವಳು ಬಾಯಿಬಿಟ್ಟು ಹೇಳಬಾರದು ಎನ್ನುವ ಶಿಕ್ಷಣವನ್ನು ಬುಡದಿಂದ ಬದಲಿಸಬೇಕು. "ಸಾಕು ನಿಲ್ಸೇ, ಕರಪತ್ರ ಓದಿ ಓದಿ ಹೀಗಾಗಿದೀಯ" ಎಂದು, ನನಗೆ ಕರಪತ್ರ ಎಂದೇ ಹೆಸರಿಟ್ಟ ನೀನು ಗದರುವುದು ಇಲ್ಲಿಗೇ ಕೇಳಿಸುತ್ತಿದೆ.

ಗುರುವಾರ ಮನೆಯ ಹಿರಿಯರೊಬ್ಬರು ಬಂದು, ಅವರೆದುರು ನಾನು ಕ್ಷಮಾಪಣೆ ಬರೆದುಕೊಟ್ಟರೆ ಮಾತ್ರ ಪರೀಕ್ಷೆಗೆ ಕೂರಿಸುತ್ತಾರಂತೆ. ಅಮ್ಮನಿಗೆ ಹೇಳಿಲ್ಲ. ಅವಳು ಬಂದರೆ ಬಾಗಿಲಲ್ಲೇ ನನ್ನ ಪರವಾಗಿ ಕ್ಷಮೆ ಕೇಳಿಬಿಡುತ್ತಾಳೆ, ಪಾಪ. ನಾನಂತೂ ಬರೆದುಕೊಡುವುದಿಲ್ಲ.

ಚಿಕ್ಕಪ್ಪನಿಗೆ ನಮಸ್ಕಾರ ತಿಳಿಸು. ಕಾಲು ಜೋಪಾನ.

ನಿನ್ನ ಮುದ್ದಿನ
ಕರಪತ್ರ

ಇನ್ನೊಂದು ಮಾತು: ಹೊಸ ಪಠ್ಯಕ್ರಮ ರೂಪಿಸುವ ಸಮಿತಿಯವರೂ ಅವತ್ತೇ ಬರುತ್ತಾರೆ. ರಜೆಯಲ್ಲಿ ನಿನಗೆ ಊಟದ ಡಬ್ಬಿ ತಂದಾಗ ನಿನ್ನ ವಾರ್ಡಿನ ಬಾಗಿಲಲ್ಲಿ ನಿಂತು ನೋಡಿದ್ದೇನೆ. ಪ್ರತಿ ಹಾಸಿಗೆಯ ಪಕ್ಕ ಅಂಕಿ ಬರೆಯುವಾಗ ನಿನಗೆ ನೀನೇ ಎಂಬಂತೆ ಗಟ್ಟಿಯಾಗಿ ಓದಿಕೊಳ್ಳುತ್ತೀಯ. ರೋಗಿ ಕಿವಿಗೊಟ್ಟು ಕೇಳುತ್ತಾನೆ. ಇಷ್ಟು ವರ್ಷ ನೀನು ಕದ್ದು ಮಾಡಿದ್ದು ಇನ್ನು ಮುಂದೆ ಪಾಠವಾಗಲಿ. ಅದನ್ನು ಸಮಿತಿಯವರೆದುರು ಹೇಳುತ್ತೀಯಾ? ನಿವೃತ್ತಿಗೆ ಇನ್ನೂ ಎರಡು ವರ್ಷವಿದೆ, ಹೇಳಿದರೆ ನಿನಗೂ ತೊಂದರೆಯಾದೀತು, ಬಲ್ಲೆ. ಆಗದಿದ್ದರೆ ಬೇಡ, ಸುಮ್ಮನೆ ನನ್ನ ಪಕ್ಕ ಕೂತಿರು. ಆದರೆ ಬಾ. ಗುರುವಾರ ಬೆಳಗ್ಗೆ ಹತ್ತೂವರೆಗೆ, ಪ್ರಿನ್ಸಿಪಾಲ್ ಕೋಣೆಯ ಎದುರಿನ ಬೆಂಚಿನ ಹತ್ತಿರ.