ನಾಲ್ಕು ಮೂಲೆಯ ಹಾವು

ಪ್ರಿಯ ಅಕ್ಕ,

ನೀನು ರಾಯಲ್ಪಾಡಿನ ಮಣ್ಣು ಸೇರಿ ಬಹುಕಾಲವಾಯಿತು. ಆದರೂ ಈ ಬೆಳಗಿನ ಜಗಳವನ್ನು ನಿನಗಲ್ಲದೆ ಬೇರೆ ಯಾರಿಗೆ ಒಪ್ಪಿಸಲಿ?

ಕಳೆದ ವರ್ಷ ವಿಕಿರಣ ಚಿಕಿತ್ಸೆ ಪಡೆದಿದ್ದ ನನ್ನ ಎದೆಯ ಭಾಗವೇ, ಈಗ ಕೀಮೋ ಔಷಧಿ ಏರಿಸಿದ ಮೇಲೆ ಮತ್ತೆ ಕೆಂಪೇರಿ ಉರಿಯತೊಡಗಿದೆ. ಅದನ್ನು ಕಂಡ ನಿನ್ನ ಮಗಳು ಮುನಿಲಕ್ಷ್ಮಿ ಬಟ್ಟಲಿನಲ್ಲಿ ಕೆಮ್ಮಣ್ಣು ಕಲಸಿ ತಂದಳು.

"ಇದು ಸರ್ಪಸುತ್ತು ಚಿಕ್ಕಮ್ಮ. ಹೆಡೆ ಬಾಲ ಸೇರೋದ್ರೊಳಗೆ ಮೇಲೆ ಹಾವು ಬರೀಬೇಕು. ಆ ಕೀಮೋನೂ ಸಾಕು, ನಿಲ್ಲಿಸ್ಬಿಡು."

"ಹಾವಾದರೆ ಸುತ್ತಬೇಕು ಕಣೇ. ಇದು ಚೌಕವಾಗಿ ನಿಂತಿದೆ. ನಾಲ್ಕು ಮೂಲೆಯ ಹಾವನ್ನು ಎಲ್ಲಿ ಕಂಡಿದ್ದೀಯೆ?"

"ಇಷ್ಟು ನೋವಲ್ಲೂ ಪಾಠ ಮಾಡೋದ್ ಬಿಡಲ್ವಲ್ಲ ನೀನು!" ಎಂದು ಮೂತಿ ತಿರುವಿದಳು.

ಹಿಂದೆ ಚೌಕವಾಗಿ ಕಿರಣ ಬಿದ್ದ ಚರ್ಮವನ್ನು ಹೊಸ ಔಷಧಿ ಕೆಲವೊಮ್ಮೆ ಹೀಗೆ ಕೆಣಕುತ್ತದೆ, ಮುಲಾಮಿಗೆ ತಗ್ಗುತ್ತದೆ ಎಂದು ಕೋಲಾರದ ವೈದ್ಯರು ವಿವರಿಸಿದ್ದಾರೆ. ಅದಕ್ಕೆ ಮಣ್ಣು ತಾಗಿ ಕೀವಾದರೆ ಮುಂದಿನ ಕೀಮೋ ಮುಂದೂಡಬೇಕಾಗುತ್ತದೆ. ಅದಕ್ಕೆ ನಾನು ಆಸ್ಪದ ಕೊಡುವವಳಲ್ಲ. ಸೋಮವಾರ ಮೊದಲ ಬಸ್ಸಿಗೇ ಕೋಲಾರಕ್ಕೆ ಹೋಗುತ್ತೇನೆ. ಬೇಕಿದ್ದರೆ ಅವಳೂ ಜೊತೆಗೆ ಬರಲಿ.

ನಿನ್ನ ಎದೆಯ ಗಂಟಿಗೂ ಆಗ ನಾವು ಈ ಕೆಮ್ಮಣ್ಣನ್ನೇ ಹಚ್ಚಿದೆವು. ನೀನು ಬೇಡವೆನ್ನಲಿಲ್ಲ. ಇವತ್ತು ನಾನು ಬೇಡವೆಂದೆ ಅಕ್ಕ, ಬೀದಿಗೆಲ್ಲ ಕೇಳುವಂತೆ ಬೇಡವೆಂದೆ. ಕೆಮ್ಮಣ್ಣನ್ನು ಕನಕಾಂಬರದ ಬುಡಕ್ಕೆ ಸುರಿದೆ.

ಬಟ್ಟಲು ನಿನ್ನದೇ. ತೊಳೆದು ಕವುಚಿಟ್ಟಿದ್ದೇನೆ.

ನಿನ್ನ ತಂಗಿ